ಅವ್ವ ಚುನಾವಣೆಗೆ ನಿಂತ ವರ್ಷ

ಕುಣಿಗಲ್‌ನ ಒಂದು ಸರ್ಕಾರಿ ಕಚೇರಿಯಲ್ಲಿ ನಾನು ಗುಮಾಸ್ತೆ. ಚುನಾವಣೆ ಬಂತೆಂದರೆ ನಮ್ಮನ್ನೆಲ್ಲ ಬೂತ್ ಕೆಲಸಕ್ಕೆ ಹಾಕುತ್ತಾರೆ. ಹೋದ ಸಲ ಹೆಬ್ಬೂರಿನ ಹತ್ತಿರದ ಹಳ್ಳಿಯೊಂದರ ಶಾಲೆಯಲ್ಲಿ ನನ್ನ ಪಾಲಿಗೆ ಬಂದದ್ದು ಬೆರಳಿಗೆ ಶಾಯಿ ಹಚ್ಚುವ ಕೆಲಸ. ಮಧ್ಯಾಹ್ನದ ಹೊತ್ತಿಗೆ ಆ ಶಾಯಿಯ ಘಾಟಿಗೆ ತಲೆ ಭಾರವಾಗಿತ್ತು. ಆಗ ಒಬ್ಬಳು ಹುಡುಗಿ ಬಂದಳು. ಮೊದಲ ಸಲದ ಓಟು. ಮರೆಯ ಹಿಂದೆ ಹೋದವಳು ಎಷ್ಟು ಹೊತ್ತಾದರೂ ಈಚೆ ಬರಲಿಲ್ಲ. "ಏನಮ್ಮಾ, ಒಂದು ಬಟನ್ ಒತ್ತೋಕೆ ಇಷ್ಟೊತ್ತಾ?" ಎಂದು ನಮ್ಮ ಅಧಿಕಾರಿ ಕೂಗಿದರು. ಸಾಲಿನಲ್ಲಿದ್ದವರು ನಕ್ಕರು. ಕೊನೆಗೆ ಬೀಪ್ ಅಂತ ಸದ್ದಾಯಿತು. ಹುಡುಗಿ ನನ್ನ ಮೇಜಿನ ಮುಂದೆ ಹಾದುಹೋಗುವಾಗ ಬಗ್ಗಿ, "ಅಕ್ಕಾ, ಯಾರಿಗೆ ಒತ್ತಿದ್ದು ಅಂತ ಮನೇಲಿ ಗೊತ್ತಾಗುತ್ತಾ?" ಎಂದು ಮೆಲ್ಲಗೆ ಕೇಳಿದಳು.

"ಇಲ್ಲ ಕಣಮ್ಮ, ಯಾರಿಗೂ ಗೊತ್ತಾಗಲ್ಲ," ಎಂದೆ.

ಹೇಳಿದ್ದೇನೋ ನಿಜ. ಆದರೆ ಆಮೇಲೆ ಸಂಜೆಯವರೆಗೂ ಕುರ್ಚಿಯಲ್ಲಿ ನೆಟ್ಟಗೆ ಕೂರಲಾಗಲಿಲ್ಲ. ನನ್ನ ಮೊದಲ ಓಟಿನ ವರ್ಷ ಎದೆಯೊಳಗೆ ಎದ್ದು ಓಡಾಡತೊಡಗಿತು.

ಅದು ಎರಡು ಸಾವಿರನೇ ಇಸವಿಯ ಆರಂಭ. ನನಗೆ ಹತ್ತೊಂಬತ್ತು. ನಮ್ಮೂರು ಗುಬ್ಬಿಯಿಂದ ಬಿದರೆಹಳ್ಳ ಕಾವಲಿನ ಕಡೆಗೆ ಹೋಗುವ ದಾರಿಯಲ್ಲಿದೆ. ಈಗ ಆ ಕಾವಲಿನಲ್ಲಿ ಹೆಲಿಕಾಪ್ಟರ್ ಕಾರ್ಖಾನೆ ಎದ್ದಿದೆ. ಆಗ ಅದು ದನ ಮೇಯುವ ಬಯಲು. ಪಿಯುಸಿ ಮುಗಿಸಿದ ನಾನು ದಿನಾ ಬೆಳಿಗ್ಗೆ ಬಸ್ಸಿನಲ್ಲಿ ಗುಬ್ಬಿಗೆ ಹೋಗಿ ಟೈಪಿಂಗ್ ಕಲಿಯುತ್ತಿದ್ದೆ. ಮನೆಯಲ್ಲಿ ಅಪ್ಪ, ಅವ್ವ, ಅಣ್ಣ ರಾಜಣ್ಣ, ಮದುವೆಯಾಗಿ ಒಂದೂವರೆ ವರ್ಷವಾಗಿದ್ದ ಅತ್ತಿಗೆ ಲಲಿತ, ನಾನು. ಅಪ್ಪ ಹಿಂದಿನ ಸಲ ಗ್ರಾಮ ಪಂಚಾಯ್ತಿ ಮೆಂಬರಾಗಿದ್ದವನು. ಈ ಸಲವೂ ತನ್ನದೇ ಎಂದುಕೊಂಡು, ಚಳಿಗಾಲದಲ್ಲೇ ಓಡಾಡಿ ನನ್ನ ಹೆಸರನ್ನೂ ಮತದಾರರ ಪಟ್ಟಿಗೆ ಸೇರಿಸಿದ್ದ. "ಮನೇಲಿ ಐದು ಓಟು," ಎಂದು ಹೆಮ್ಮೆಯಿಂದ ಹೇಳಿಕೊಳ್ಳುತ್ತಿದ್ದ.

ಒಂದು ಮಧ್ಯಾಹ್ನ ಗುಬ್ಬಿಯಿಂದ ಬಂದವನೇ ಚಪ್ಪಲಿಯನ್ನೂ ಬಿಡದೆ ಜಗುಲಿಯ ಮೇಲೆ ಕೂತ. ಅವ್ವ ಅಲ್ಲೇ ಹುಣಸೆಹಣ್ಣು ಕುಟ್ಟಿ ಬೀಜ ತೆಗೆಯುತ್ತಿದ್ದಳು.

"ನಮ್ಮೂರ ಸೀಟು ಲೇಡೀಸ್‌ಗೆ ಹೋಗೈತೆ ಕಣ್ಲಾ," ಎಂದ, ಅಣ್ಣನ ಮುಖ ನೋಡಿ. "ಜಯಮ್ಮನ್ನ ನಿಲ್ಲಿಸ್ತೀನಿ."

"ಅವ್ವಂಗೆ ಏನ್ ಗೊತ್ತಾಯ್ತದೆ ಪಂಚಾಯ್ತಿದು?"

"ಅವ್ಳಿಗ್ಯಾಕೆ ಗೊತ್ತಾಗ್ಬೇಕು? ನಾನಿಲ್ವಾ?"

ಜಯಮ್ಮ ಎಂದರೆ ಅವ್ವ. ಅವಳ ಹೆಸರು ಹೇಳಿದರೂ ಅಪ್ಪ ಅವಳ ಕಡೆ ತಿರುಗಿರಲಿಲ್ಲ. ಅವಳು ಒಮ್ಮೆ ತಲೆಯೆತ್ತಿ ನಮ್ಮನ್ನೆಲ್ಲ ನೋಡಿ, "ಅರ್ಜಿಗೆ ಸೈನ್ ಮಾಡ್ಬೇಕಾಯ್ತದೇನೋ," ಎಂದಳು. "ಹೆಬ್ಬೆಟ್ಟು ಒತ್ತು, ಸಾಕು ಬುಡು," ಎಂದ ಅಪ್ಪ.

ಮಾರನೆಯ ದಿನ ಸಂಜೆ ನಾನು ಬಸ್ಸಿಳಿದು ಬರುವುದನ್ನೇ ಕಾಯುತ್ತಿದ್ದಳು. "ನನ್ ಹೆಸ್ರು ಬರ್ಯೋದು ಹೇಳ್ಕೊಡಮ್ಮಿ." ಹಾಳಾದ ಟೈಪಿಂಗ್ ಹಾಳೆಗಳ ಹಿಂದೆ ಬರೆದುಕೊಟ್ಟೆ. 'ಜ' ಬೇಗ ಬಂತು, 'ಯ' ಮೂರು ದಿನ ಸತಾಯಿಸಿತು. 'ಮ' ಅಕ್ಷರದ ಕೆಳಗಿನ ಒತ್ತು ಪ್ರತಿ ಸಲವೂ ಗೆರೆ ಬಿಟ್ಟು ಕೆಳಗೆ ಓಡುತ್ತಿತ್ತು. ಪಾಪ, ನಾಲ್ಕು ಜನರ ಮುಂದೆ ಹೆಬ್ಬೆಟ್ಟು ಒತ್ತಲು ನಾಚಿಕೆ ಎಂದುಕೊಂಡೆ. ನಾಮಪತ್ರದ ದಿನ ಅವಳು ಸೈನ್ ಮಾಡಿ ಮುಗಿಸುವಷ್ಟರಲ್ಲಿ ಅಪ್ಪ ಎರಡು ಸಲ ವಾಚು ನೋಡಿಕೊಂಡನಂತೆ. ಹಾಗೆಂದು ಅಣ್ಣ ಬಂದು ನಗುತ್ತ ಹೇಳಿದ.

ಎದುರಿಗೆ ನಿಂತವಳು ಸರೋಜಮ್ಮ, ನಮ್ಮೂರ ಹಾಲಿನ ಡೈರಿಯ ಸೆಕ್ರೆಟರಿ. ಗಂಡ ತೀರಿಕೊಂಡು ಹತ್ತು ವರ್ಷವಾಗಿತ್ತು. ಹಾಲಿಗೆ ನೀರು ಬೆರೆಸಿದವರು ಯಾರೇ ಆಗಲಿ, ಅವರ ಮುಖಕ್ಕೇ ಹೇಳುತ್ತಿದ್ದಳು. ಊರ ಬೋರಿನ ಪಂಪು ಕೆಟ್ಟಾಗ ಗುಬ್ಬಿಗೆ ಅಲೆದು ಮೆಕ್ಯಾನಿಕ್ಕನ್ನು ಜೊತೆಯಲ್ಲೇ ಕರೆತಂದವಳು ಅವಳು. ನನಗಂತೂ ಅವಳದೊಂದು ಋಣವಿತ್ತು. ಎಸ್ಸೆಸ್ಸೆಲ್ಸಿ ಆದ ಮೇಲೆ ಅಪ್ಪ ನನ್ನನ್ನು ಬಿಡಿಸಬೇಕೆಂದಿದ್ದಾಗ ಡೈರಿಯ ಮುಂದೆ ಎಲ್ಲರೆದುರಿಗೆ, "ಫಸ್ಟ್ ಕ್ಲಾಸ್ ಬಂದಿರೋ ಮಗೀನ ಮನೇಲಿ ಕೂರ್ಸಿ ಏನ್ ಮಾಡ್ತೀಯಣ್ಣ?" ಎಂದು ಕೇಳಿದ್ದಳು. ಅಪ್ಪನಿಗೆ ಅವಮಾನವಾಯಿತು. ನನಗೆ ಕಾಲೇಜು ಸಿಕ್ಕಿತು.

ಅವ್ವನ ಫೋಟೋವನ್ನು ಗುಬ್ಬಿಯ ಸ್ಟುಡಿಯೋದಲ್ಲಿ ತೆಗೆಸಿದರು. ಪ್ಲಾಸ್ಟಿಕ್ ಹೂವಿನ ಪಕ್ಕದಲ್ಲಿ ಕೈಮುಗಿದು ನಿಂತ ಅವ್ವ. ಕರಪತ್ರದಲ್ಲಿ ಅವಳ ಹೆಸರಿಗಿಂತ ಅಪ್ಪನ ಹೆಸರು ದಪ್ಪಕ್ಷರದಲ್ಲಿತ್ತು. ಅವಳ ಗುರುತು ಹೊಲಿಗೆ ಮಷಿನ್, ಸರೋಜಮ್ಮನದು ಟೇಬಲ್ ಫ್ಯಾನು. ಗಂಡಸರು ಮುಂದೆ ಮುಂದೆ ಮಾತಾಡುತ್ತ ನಡೆಯುತ್ತಿದ್ದರು, ಅವ್ವ ಸೆರಗು ಹೊದ್ದು ಹಿಂದೆ. ಒಂದೊಂದು ಮನೆಯ ಮುಂದೆಯೂ ಅಪ್ಪ ಹೇಳುತ್ತಿದ್ದದ್ದು ಒಂದೇ ಮಾತು: "ನಾನೇ ನಿಂತಿವ್ನಿ ಅನ್ಕೊಂಡು ಹಾಕಿ." ಅವ್ವನ ಮುಖವನ್ನೇ ನೋಡುತ್ತ ನಾನೂ ಜೊತೆಗೆ ನಡೆಯುತ್ತಿದ್ದೆ. ಟೈಪಿಂಗ್ ಕ್ಲಾಸಿನಲ್ಲಿ ಬೆರಳು ಅಕ್ಷರ ತಪ್ಪುತ್ತಿತ್ತು. ಮೇಷ್ಟ್ರು ಹಿಂದೆ ಬಂದು ನಿಂತು, "ಎಲ್ಲಿದೀಯಮ್ಮಾ ನೀನು?" ಎನ್ನುತ್ತಿದ್ದರು. ಬಸ್ಸಿನಲ್ಲಿ ಸೀಟು ಖಾಲಿಯಿದ್ದರೂ ನಿಂತೇ ಬರುತ್ತಿದ್ದೆ. ಬಿಸಿಲು ಏರತೊಡಗಿತ್ತು. ಹೊಂಗೆಯ ಎಲೆಯೆಲ್ಲ ಉದುರಿ ರಸ್ತೆಯ ತುಂಬ ಹಾರಾಡುತ್ತಿತ್ತು. ಒಂದು ದಿನ ಸರೋಜಮ್ಮನೇ ಸರಿ ಅನಿಸುತ್ತಿತ್ತು. ಮರುದಿನ ಅವ್ವ ಮುದ್ದೆ ತಟ್ಟೆಗಿಟ್ಟು ನನ್ನ ಮುಖ ನೋಡಿದರೆ, ಹೆತ್ತವಳನ್ನು ಬಿಟ್ಟು ಇನ್ನೊಬ್ಬಳಿಗೆ ಒತ್ತುವುದೆಂದರೇನು ಅನಿಸುತ್ತಿತ್ತು.

ಆ ದಿನಗಳಲ್ಲಿ ಅವ್ವ ಕೆಳಗಿನ ಕೇರಿಗೆ ಹೋದವಳು ತಡವಾಗಿ ಬರುತ್ತಿದ್ದಳು. ಅಪ್ಪ ಗದರುತ್ತಿದ್ದ. ಮನೆಯ ಗಲಾಟೆಯಿಂದ ತಪ್ಪಿಸಿಕೊಂಡು ಎಲ್ಲೋ ನೆರಳಲ್ಲಿ ಕೂತು ಬರುತ್ತಾಳೆ ಎಂದು ನಾನು ತಿಳಿದಿದ್ದೆ. ಒಮ್ಮೆ ನನ್ನ ತಲೆ ಬಾಚುತ್ತ ಕೇಳಿದಳು:

"ಮಂಜಿ, ಪಂಚಾಯ್ತಿ ಮೀಟಿಂಗ್‌ನಾಗೆ ಹೆಂಗುಸ್ರು ಎಲ್ಲಿ ಕೂರ್ತಾರಮ್ಮಿ? ಕುರ್ಚಿ ಕೊಡ್ತಾರಾ?"

ಹೆದರಿದ್ದಾಳೆ ಎನಿಸಿತು. ಧೈರ್ಯ ಹೇಳಲೆಂದು, "ನೀನ್ಯಾಕೆ ಹೋಗ್ತೀಯವ್ವ, ಅಪ್ಪ ಹೋಯ್ತಾನೆ ಬುಡು," ಎಂದೆ. ಬಾಚಣಿಗೆ ಒಂದು ಗಳಿಗೆ ನಿಂತು ಮತ್ತೆ ಓಡಿತು.

ಓಟಿಗೆ ಎರಡು ದಿನ ಇದ್ದಾಗ ಹಾಲು ಹಾಕಲು ನಾನೇ ಡೈರಿಗೆ ಹೋದೆ. ಸರೋಜಮ್ಮ ನನ್ನ ಕ್ಯಾನು ಅಳೆದು ಚೀಟಿ ಬರೆದಳು. ನಾನು ಹೋಗದೆ ನಿಂತಿದ್ದೆ. ಅವಳಿಗೆ ಅರ್ಥವಾಯಿತು.

"ನಿನ್ನ ಓಟು ಕೇಳಲ್ಲ ಕಣವ್ವ ನಾನು. ಹೆತ್ತೋಳು ನಿಂತವ್ಳೆ. ಯೋಚ್ನೆ ಮಾಡ್ಬ್ಯಾಡ, ಓಗು."

ಕೇಳಿದ್ದರೆ ಹಗುರವಾಗುತ್ತಿತ್ತೋ ಏನೋ. ಕೇಳದೆ ಹೋದದ್ದು ಇನ್ನಷ್ಟು ಭಾರವಾಯಿತು. ಮನೆಗೆ ಬಂದರೆ ಅಂಗಳದಲ್ಲಿ ಅಪ್ಪನ ಜೊತೆ ಒಬ್ಬ ಕಂಟ್ರಾಕ್ಟರು ಕೂತಿದ್ದ. ಅಪ್ಪ ಮೆಂಬರಾಗಿದ್ದಾಗ ಚರಂಡಿ ಮಾಡಿಸಿದವನು. ಆ ಚರಂಡಿ ಎರಡೇ ಮಳೆಗೆ ಕುಸಿದಿತ್ತು.

"ನಾಳೆ ಅಮ್ಮೋರು ಬಿಲ್ಲಿಗೆ ಸೈನ್ ಹಾಕಲ್ಲ ಅಂದ್ರೆ?" ಎಂದು ಅವನು ಕೇಳಿದ.

ಅಪ್ಪ ನಕ್ಕ. "ಅವ್ಳ ಕೈ ಹಿಡ್ದು ಬರೆಸ್ತೀನಿ. ನೀನ್ ಕೆಲ್ಸ ನೋಡ್ಕೊ."

ಅವ್ವ ಒಳಗೆ ಒಲೆಯ ಮುಂದಿದ್ದಳು. ಕೇಳಿಸಿತೋ ಇಲ್ಲವೋ ತಿಳಿಯಲಿಲ್ಲ. ನನಗೆ ಕೇಳಿಸಿದ್ದೇ ಸಾಕಾಯಿತು. ಅವಳನ್ನು ಈ ಬೇಡಿಯಿಂದ ಬಿಡಿಸಬೇಕು, ಅವಳ ಒಳ್ಳೆಯದಕ್ಕೇ ಅವಳಿಗೆ ಒತ್ತಬಾರದು ಎಂದು ಅಲ್ಲೇ ತೀರ್ಮಾನಿಸಿದೆ. ಎಷ್ಟೋ ದಿನದ ಮೇಲೆ ಆವತ್ತು ಹೊಟ್ಟೆ ತುಂಬ ಉಂಡೆ.

ಓಟಿನ ದಿನ ನಾನು ಒಂದರಿಂದ ಏಳನೆಯವರೆಗೆ ಓದಿದ ಶಾಲೆಯಲ್ಲೇ ಬೂತು. ಅವ್ವ ಗೇಟಿನ ಹತ್ತಿರ ಹೊಸ ಸೀರೆ ಉಟ್ಟು ನಿಂತಿದ್ದಳು. ನನ್ನ ವೇಲು ಸರಿಮಾಡಿ, "ಪೇಪರ್ ಉದ್ದಕ್ಕೆ ಮಡಿಸ್ಬೇಕಂತೆ ಕಣಮ್ಮಿ, ಇಲ್ದಿದ್ರೆ ಸೀಲಿನ ಮಸಿ ಆ ಕಡೆಗೂ ಅಂಟ್ಕಂತದೆ," ಎಂದಳು. ಒಳಗೆ ಬೆರಳಿಗೆ ಶಾಯಿ ಹಚ್ಚಿದ ಮೇಷ್ಟರನ್ನು ನಾನೂ ಕೇಳಿದೆ, ಯಾರಿಗೆ ಹಾಕಿದ್ದು ಗೊತ್ತಾಗುತ್ತಾ ಎಂದು. "ದೇವ್ರಿಗೂ ಗೊತ್ತಾಗಲ್ಲ," ಎಂದರು. ರಟ್ಟಿನ ಮರೆಯ ಹಿಂದೆ ಸೀಲು ಹಿಡಿದು ನಿಂತಾಗ ಕಿಟಕಿಯಾಚೆ ಅವ್ವನ ಸೀರೆಯ ತುದಿ ಕಾಣುತ್ತಿತ್ತು. ಹೊಲಿಗೆ ಮಷಿನ್ನಿನ ಚಿತ್ರ ಮೇಲಿತ್ತು, ಫ್ಯಾನು ಕೆಳಗೆ. ಸೀಲು ಮೇಲಕ್ಕೆ ಹೋಯಿತು, ಕೆಳಕ್ಕೆ ಬಂತು, ಮತ್ತೆ ಮೇಲಕ್ಕೆ ಹೋಯಿತು. ಕಣ್ಣು ಮುಚ್ಚಿ ಒತ್ತಬೇಕೆನಿಸಿತು. ಮುಚ್ಚಲಿಲ್ಲ. ನೋಡಿಕೊಂಡೇ ಫ್ಯಾನಿನ ಮೇಲೆ ಒತ್ತಿದೆ. ಅವ್ವ ಹೇಳಿದ ಹಾಗೆಯೇ ಉದ್ದಕ್ಕೆ ಮಡಿಸಿದೆ.

ಎಣಿಕೆ ನಡೆದದ್ದು ಗುಬ್ಬಿಯಲ್ಲಿ. ಅಪ್ಪ, ಅಣ್ಣ ಸಂಜೆ ಹೊತ್ತಿಗೆ ನಡೆದುಕೊಂಡೇ ಬಂದರು. ಬಸ್ಸಿನಲ್ಲಿ ಊರವರ ಜೊತೆ ಬರಲು ಅಪ್ಪನಿಗೆ ಮುಖವಿರಲಿಲ್ಲ.

"ಎಲ್ಡು ಓಟು," ಎಂದ. "ಬರೀ ಎಲ್ಡು ಓಟಲ್ಲಿ ಹೋಯ್ತು."

ನಾನು ಅವ್ವನಿಗೆ ಒತ್ತಿದ್ದರೆ ಅವಳಿಗೊಂದು ಹೆಚ್ಚು, ಸರೋಜಮ್ಮನಿಗೊಂದು ಕಡಿಮೆ. ಸಮ. ಚೀಟಿ ಎತ್ತಿಸುತ್ತಿದ್ದರು. ಅಪ್ಪನೂ ಅದನ್ನೇ ಹೇಳುತ್ತ ಅಂಗಳದಲ್ಲಿ ಶತಪಥ ಹಾಕುತ್ತಿದ್ದ. ಊರಿನ ಒಂದೊಂದು ಮನೆಯನ್ನೂ ಬಾಯಲ್ಲಿ ಎಣಿಸುತ್ತಿದ್ದ. ಎಣಿಸುತ್ತ ಎಣಿಸುತ್ತ ಒಮ್ಮೆಲೇ ನಿಂತು ಅತ್ತಿಗೆಯ ಕಡೆ ತಿರುಗಿದ. ಸರೋಜಮ್ಮನ ತವರೂ ಅತ್ತಿಗೆಯ ತವರೂ ಕುಣಿಗಲ್ ಕಡೆ, ಒಂದೇ ಊರು. ಇಬ್ಬರೂ ಡೈರಿಯ ಹತ್ತಿರ ನಿಂತು ತವರಿನ ಸುದ್ದಿ ಮಾತಾಡಿಕೊಳ್ಳುವುದನ್ನು ಎಲ್ಲರೂ ನೋಡಿದ್ದರು.

"ಮನೆಯೊಳ್ಗಿಂದ್ಲೇ ಹೋಗೈತೆ ಓಟು," ಎಂದ ಅಪ್ಪ.

"ಇಲ್ಲ ಮಾವ, ನಾನು ಅತ್ತೆಗೇ ಒತ್ತಿದ್ದು. ದೇವ್ರಾಣೆ."

ಅಣ್ಣ ತಲೆ ತಗ್ಗಿಸಿಕೊಂಡು ಒಳಗೆ ಹೋದ. ನಾನು ಬಾಗಿಲ ಬಳಿ ನಿಂತಿದ್ದೆ. ಬಾಯಿ ತೆರೆದರೆ ಸಾಕಿತ್ತು. ತೆರೆಯಲಿಲ್ಲ.

ಆವತ್ತಿನಿಂದ ಅತ್ತಿಗೆಯ ಜೊತೆ ಯಾರೂ ಮಾತಾಡಲಿಲ್ಲ. ಅವಳು ಬಡಿಸಿದರೆ ಅಪ್ಪ ಏಳುತ್ತಿದ್ದ. ಅಣ್ಣ ಅವಳ ಪರ ಒಂದು ಮಾತಾಡಲಿಲ್ಲ. ಶಿವರಾತ್ರಿಗೆಂದು ತವರಿಗೆ ಹೋದವಳನ್ನು ಕರೆತರಲು ಹಬ್ಬ ಕಳೆದರೂ ಯಾರೂ ಹೊರಡಲಿಲ್ಲ. ನಾನು ಬಸ್ಸು ಹತ್ತಿ ಗುಬ್ಬಿಗೆ ಹೋಗುತ್ತಿದ್ದೆ, ಬರುತ್ತಿದ್ದೆ. ಇವತ್ತು ಹೇಳುತ್ತೇನೆ ಎಂದು ಬೆಳಿಗ್ಗೆ ಅಂದುಕೊಳ್ಳುವುದು, ಅಪ್ಪನ ಮುಖ ಕಂಡಕೂಡಲೇ ನಾಳೆ ಎಂದುಕೊಳ್ಳುವುದು. ಅವ್ವ ಹಗುರವಾಗಿರುತ್ತಾಳೆ ಎಂದು ನಾನು ಎಣಿಸಿದ್ದೆ. ಆದರೆ ಅವಳು ತಲೆನೋವೆಂದು ಮೂಲೆಯಲ್ಲಿ ಮಲಗಿರುತ್ತಿದ್ದಳು. ಎದ್ದರೆ ಹುಣಸೆಹಣ್ಣು ಕುಟ್ಟುತ್ತಿದ್ದಳು, ಯಾರ ಮುಖವನ್ನೂ ನೋಡುತ್ತಿರಲಿಲ್ಲ. ಸೊಸೆಯ ಮೇಲಿನ ಬೇಸರವಿರಬೇಕು ಎಂದು ನನಗೆ ನಾನೇ ಹೇಳಿಕೊಂಡೆ.

ಒಂದು ಸಂಜೆ ಬಸ್ಸಿಳಿದಾಗ ಕೆಳಗಿನ ಕೇರಿಯ ಮಾರಕ್ಕ ಸೌದೆ ಹೊರೆ ಇಳಿಸಿ ದಾರಿಯಲ್ಲಿ ಕೂತಿದ್ದಳು.

"ನಿಮ್ಮವ್ವ ಗೆಲ್ಬೇಕಾಗಿತ್ತು ಕಣವ್ವ," ಎಂದಳು.

"ಅಪ್ಪನೇ ಎಲ್ಲ ಮಾಡ್ತಿದ್ದಿದ್ದು ಬುಡು ಮಾರಕ್ಕ."

"ಯಾರಂದೋರು?" ಅವಳು ನನ್ನನ್ನು ದಿಟ್ಟಿಸಿ ನೋಡಿದಳು. "ಸಂಜೆ ಸಂಜೆ ನಮ್ ಕೇರಿಗೆ ಬಂದು ಒಂದೊಂದು ಮನೆ ಮುಂದೂ ಕೂತು ಕೇಳ್ಕಂಡೋಗೋಳು. ಯಾರ್ ಮನೆ ಗೋಡೆ ಬಿದ್ದೈತೆ, ಯಾರ್ಗೆ ಪಿಂಚಣಿ ಬಂದಿಲ್ಲ, ನಲ್ಲಿ ಎಲ್ಲಿಗ್ ಬೇಕು. ಎಲ್ಲಾ ಬಾಯ್‌ಪಾಠ ಮಾಡ್ಕಂಡಿದ್ಲು. ನಿನ್ ಗಂಡ ಬುಡ್ತಾನಾ ಅಂತ ಕೇಳಿದ್ದಕ್ಕೆ ಏನಂದ್ಲು ಗೊತ್ತಾ? 'ಸೈನ್ ಮಾಡೋದ್ ಕಲ್ತಿವ್ನಿ ಮಾರಿ. ನನ್ ಕೈಲಿ ಪೆನ್ನಿದ್ರೆ ಅವ್ರೇನ್ ಮಾಡ್ತಾರೆ' ಅಂದ್ಲು."

ನಾನು ಅಲ್ಲಿಂದ ಮನೆಗೆ ಹೇಗೆ ನಡೆದೆನೋ ನೆನಪಿಲ್ಲ. ಅವ್ವ ಹಿತ್ತಲಲ್ಲಿ ಒಬ್ಬಳೇ ಹುಣಸೆಹಣ್ಣಿನ ರಾಶಿಯ ಮುಂದೆ ಕೂತಿದ್ದಳು. ಎದುರಿಗೆ ಕುಕ್ಕುರುಗಾಲಲ್ಲಿ ಕೂತು ಹೇಳಿಬಿಟ್ಟೆ. ನಿನಗೆ ಇಷ್ಟವಿಲ್ಲ ಅಂದುಕೊಂಡೆ, ಅಪ್ಪ ನಿನ್ನ ಕೈ ಹಿಡಿದು ಬರೆಸುತ್ತಾನೆ ಅಂದುಕೊಂಡೆ, ನಿನ್ನನ್ನು ಉಳಿಸೋಣ ಅಂತ ಸರೋಜಮ್ಮನಿಗೆ ಒತ್ತಿದೆ ಎಂದೆ. ಬಯ್ಯುತ್ತಾಳೆ, ಹೊಡೆಯುತ್ತಾಳೆ ಎಂದು ಕಾದೆ. ಅವ್ವ ಕೈಗಂಟಿದ ಹುಣಸೆಯನ್ನು ಸೀರೆಗೆ ಒರೆಸಿಕೊಂಡಳು.

"ನಿಮ್ಮಪ್ಪ ನನ್ನ ಕೇಳ್ದೆ ನಿಲ್ಸಿದ್ರು," ಎಂದಳು. "ನೀನು ನನ್ನ ಕೇಳ್ದೆ ಸೋಲ್ಸಿದೆ."

ನಾನು ಅತ್ತೆ. ಅವಳು ಸಮಾಧಾನ ಮಾಡಲಿಲ್ಲ. "ಓದ್ದೋಳಲ್ವಾ ನೀನು, ಒಂದ್ ಮಾತು, 'ಅವ್ವ, ನಿಂಗೆ ಆಸೆ ಐತಾ' ಅಂತ ಕೇಳ್ಬೋದಾಗಿತ್ತು," ಎಂದಳು. ಮತ್ತೆ, "ಅಳೋದು ಆಮೇಲೆ. ತವರಲ್ಲಿ ಕೂತಿರೋ ಆ ಹೆಣ್ಮಗಿನ ಗತಿ ಏನು? ಎದ್ದು ನಿಮ್ಮಪ್ಪನ ಮುಂದೆ ಹೇಳ್ ಓಗು."

ಹೇಳಿದೆ. ಅಪ್ಪ ಮೊದಲು ನಂಬಲಿಲ್ಲ, ಅತ್ತಿಗೆಯನ್ನು ಉಳಿಸಲು ಸುಳ್ಳು ಹೇಳುತ್ತಿದ್ದೇನೆ ಎಂದ. ನಂಬಿದ ಮೇಲೆ ಕೈಯೆತ್ತಿದ. ಅವ್ವ ನಡುವೆ ಬಂದು ನಿಂತಳು. ಅಪ್ಪ ಕೈ ಇಳಿಸಿ, "ನಿನ್ ಹೆಸ್ರು ಪಟ್ಟಿಗೆ ಸೇರ್ಸಕ್ಕೆ ನಾನೇ ಅಲೆದೆ," ಎಂದಷ್ಟೇ ಹೇಳಿ ಹೊಲದ ಕಡೆ ಹೊರಟುಹೋದ. ಆಮೇಲೆ ಯುಗಾದಿಯವರೆಗೂ ನನ್ನ ಜೊತೆ ಮಾತು ಬಿಟ್ಟ.

ಮರುದಿನ ಬೆಳಿಗ್ಗೆ ಒಬ್ಬಳೇ ಹೊರಟೆ. ಗುಬ್ಬಿಯಿಂದ ತುಮಕೂರು, ತುಮಕೂರಿನಿಂದ ಹೆಬ್ಬೂರಿನ ಮೇಲೆ ಕುಣಿಗಲ್, ಅಲ್ಲಿಂದ ಇನ್ನೊಂದು ಬಸ್ಸು. ಅತ್ತಿಗೆ ತವರಿನ ಹಿತ್ತಲಲ್ಲಿ ಬಟ್ಟೆ ಒಗೆಯುತ್ತಿದ್ದಳು. ಸೊರಗಿದ್ದಳು. ನಾನು ಹೇಳುವುದನ್ನೆಲ್ಲ ಕೇಳಿದಳು, ಕೈ ಮಾತ್ರ ನಿಲ್ಲಿಸಲಿಲ್ಲ.

"ಆವತ್ತು ನಾನು ದೇವ್ರಾಣೆ ಅಂದಾಗ ನೀನು ಬಾಗ್ಲಲ್ಲೇ ಇದ್ಯಲ್ಲ ಮಂಜುಳಾ," ಎಂದಳು.

"ಹೂಂ, ಇದ್ದೆ."

"ಯಾರಿಗೆ ಒತ್ತಿದೆ ಅನ್ನೋದು ನಿನ್ನಿಷ್ಟ. ಅದಕ್ಕೆ ನಂಗೇನೂ ಕೋಪ ಇಲ್ಲ. ಸುಮ್ನೆ ನಿಂತ್ಯಲ್ಲ, ಅದು." ಬಟ್ಟೆ ಹಿಂಡಿ ಹಗ್ಗಕ್ಕೆ ಹಾಕಿದಳು. "ನಿನ್ ಜೊತೆ ಬರಲ್ಲ. ನಿಮ್ಮಣ್ಣ ಬಂದು ಕರೀಲಿ."

ಊಟ ಹಾಕಿದಳು. ಬಸ್ಸಿಗೂ ಹತ್ತಿಸಿದಳು. ಆದರೆ ಕಿಟಕಿಯಿಂದ ನಾನು ಕೈ ಬೀಸಿದಾಗ ಅವಳು ಬೀಸಲಿಲ್ಲ. ಕುಣಿಗಲ್ ಕೆರೆಯ ಏರಿಯ ಉದ್ದಕ್ಕೂ ನೀರು ಬಿಸಿಲಿಗೆ ಹೊಳೆಯುತ್ತಿತ್ತು. ನೋಡಲಾಗದೆ ಈ ಕಡೆ ತಿರುಗಿಕೊಂಡೆ. ವಾರ ಕಳೆದು ಅಣ್ಣ ಹೋದ. ಏನು ಹೇಳಿದನೋ, ಎಷ್ಟು ಬೇಡಿಕೊಂಡನೋ ಅವರಿಬ್ಬರಿಗೇ ಗೊತ್ತು. ಕರೆದುಕೊಂಡು ಬಂದ. ನನ್ನ ಜೊತೆ ಅವಳು ಮೊದಲಿನ ಹಾಗೆ ನಗಲು ಅವಳ ಮಗು ಹುಟ್ಟಬೇಕಾಯಿತು.

ಸರೋಜಮ್ಮ ಒಳ್ಳೆಯ ಮೆಂಬರೇ ಆದಳು. ಕುಸಿದ ಚರಂಡಿಯನ್ನು ಮತ್ತೆ ಕಟ್ಟಿಸಿದಳು, ಆ ಕಂಟ್ರಾಕ್ಟರನ್ನು ಊರೊಳಗೆ ಬಿಟ್ಟುಕೊಳ್ಳಲಿಲ್ಲ. ಹಾಗಾಗಿ ನಾನು ಒತ್ತಿದ್ದು ತಪ್ಪು ಎಂದು ಇವತ್ತಿಗೂ ಹೇಳಲಾರೆ. ಸರಿ ಎನ್ನಲೂ ಬಾಯಿ ಬರುವುದಿಲ್ಲ. ಮುಂದಿನ ಸಲ ನಮ್ಮೂರ ಸೀಟು ಬೇರೆ ವರ್ಗಕ್ಕೆ ಹೋಯಿತು. ಅವ್ವನಿಗೆ ನಿಲ್ಲುವ ಅವಕಾಶ ಮತ್ತೆ ಬರಲೇ ಇಲ್ಲ.

ಆದರೆ ಆ ವರ್ಷ ಮಳೆಗಾಲ ಮುಗಿಯುತ್ತಲೇ ನಮ್ಮೂರ ಶಾಲೆಯ ಅಂಗಳದಲ್ಲಿ ಗ್ರಾಮಸಭೆ ಆಯಿತು. ಹೆಂಗಸರು ಏಳೆಂಟು ಜನ ಹಿಂದೆ ಚಾಪೆಯ ಮೇಲೆ ಕೂತಿದ್ದರು. ಅವ್ವನೂ ಬಂದಿದ್ದಳು. ಯಾರೂ ಕರೆದಿರಲಿಲ್ಲ. ಯಾರಾದರೂ ಏನಾದರೂ ಹೇಳುವುದಿದೆಯಾ ಎಂದು ಅಧ್ಯಕ್ಷರು ಕೇಳಿ, ಉತ್ತರಕ್ಕೂ ಕಾಯದೆ ಏಳಲು ಹೊರಟಾಗ ಅವ್ವ ಎದ್ದು ನಿಂತಳು. ಕೆಳಗಿನ ಕೇರಿಯ ಮನೆಗಳನ್ನು ಒಂದೊಂದಾಗಿ, ಆ ತುದಿಯಿಂದ ಈ ತುದಿಗೆ, ಹೆಸರು ಹಿಡಿದು ಹೇಳತೊಡಗಿದಳು. ಗೋಡೆ, ಪಿಂಚಣಿ, ನಲ್ಲಿ. ಮೊದಮೊದಲು ದನಿ ಒಡೆಯುತ್ತಿತ್ತು. ಮುಂದಿನ ಸಾಲಿನಲ್ಲಿದ್ದ ಅಪ್ಪ ತಿರುಗಿ, "ಕೂತ್ಕೊಳೇ, ಸಾಕು," ಎಂದ. ಸರೋಜಮ್ಮ ಪಂಚಾಯ್ತಿ ಕಾರ್ಯದರ್ಶಿಯ ಕಡೆ ನೋಡಿ, "ಬರ್ಕೊಳಿ ಸಾರ್," ಎಂದಳು. ಅವನು ಪುಸ್ತಕ ಬಿಚ್ಚಿ ಪೆನ್ನಿನ ಮುಚ್ಚಳ ತೆಗೆದ.

ಕೊನೆಯ ಮನೆಯನ್ನು ಅವನು ಬರೆದು ಮುಗಿಸುವವರೆಗೂ ಅವ್ವ ಕೂರಲಿಲ್ಲ.